ಡ್ಯಾಂ ತುಂಬಿದಾಗ ದಂಡೆ ನೋಡುವುದು ಹೇಗೆ? ಆಲಮಟ್ಟಿ ಹಿನ್ನೀರಿಗೆ ಸೆಪ್ಟೆಂಬರ್–ಅಕ್ಟೋಬರ್‌ನ ಮಾರ್ಗದರ್ಶಿ

ಬಾಗಲಕೋಟೆ ಕಡೆ ಹಕ್ಕಿ ನೋಡುವ ಮಾತು ಬಂದರೆ ಬಹಳ ಮಂದಿ ಹೇಳುವುದು ಒಂದೇ: "ಈಗೇನೈತ್ರಿ, ನೀರು ಇಳೀಲಿ, ರಾಜಹಂಸ ಬರಲಿ, ಆಮ್ಯಾಲೆ ಹೋಗೋಣು." ರಾಜಹಂಸ (ಫ್ಲೆಮಿಂಗೊ) ಬರುವುದು ನಿಜ. ನೀರು ಇಳಿದು ಕೆಸರು ಬಯಲಾದ ಮೇಲೆ ಹೆರಕಲ್, ಬೀಳಗಿ ಸುತ್ತಮುತ್ತ ಗುಂಪುಗುಂಪಾಗಿ ಇಳಿಯುತ್ತವೆ, ನೋಡಲು ಎರಡು ಕಣ್ಣು ಸಾಲದು. ಆದರೆ ಈ ಹಿನ್ನೀರನ್ನು ಸರಿಯಾಗಿ ಓದಲು ಕಲಿಯಬೇಕಾದರೆ ಅಲ್ಲಿಯವರೆಗೆ ಕಾಯಬಾರದು. ಉತ್ತರಿ ಮಳೆ ಹಿಡಿಯುವ ಸೆಪ್ಟೆಂಬರ್ ನಡುವಿನಿಂದ ಚಿತ್ತಿ ಮುಗಿಯುವ ಅಕ್ಟೋಬರ್ ಕೊನೆಯವರೆಗಿನ ಆರು ವಾರ ಇದೆಯಲ್ಲ, ಶುರು ಮಾಡಲು ಅದೇ ಒಳ್ಳೆಯ ಕಾಲ. ಊರ ಹಕ್ಕಿಗಳ ಸಂಸಾರ ಇನ್ನೂ ಮುಗಿದಿರುವುದಿಲ್ಲ, ದೂರದಿಂದ ಬರುವವು ಒಂದೊಂದಾಗಿ ಬರಲು ಶುರುವಾಗಿರುತ್ತವೆ. ಎರಡೂ ಒಂದೇ ದಂಡೆಯಲ್ಲಿ ಸಿಗುವುದು ಈಗ ಮಾತ್ರ.

ಹೀಗಾಗಲು ಕಾರಣ ಇದೆ. ಆಲಮಟ್ಟಿಯ ನೀರು ನಮ್ಮ ಮಳೆಯಿಂದ ತುಂಬುವುದಲ್ಲ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಸಹ್ಯಾದ್ರಿಯ ಮೇಲೆ ಸುರಿದದ್ದು ಇಲ್ಲಿ ಬಂದು ನಿಲ್ಲುತ್ತದೆ. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ಒಳ್ಳೆಯ ವರ್ಷ ಆಗಸ್ಟ್‌ನಲ್ಲೇ ಆ ಮಟ್ಟ ಮುಟ್ಟುತ್ತದೆ. ನಮ್ಮ ಬಾಗಲಕೋಟೆ, ವಿಜಯಪುರದ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅಂದರೆ ಮೊದಲು ದೂರದ ನೀರು ಬಂದು ದಂಡೆ ಮುಟ್ಟುತ್ತದೆ, ಆಮೇಲೆ ಊರ ಮಳೆ ಬಂದು ಆ ದಂಡೆಯ ಹುಲ್ಲು ಎಬ್ಬಿಸುತ್ತದೆ. ಹುಲ್ಲಿನ ಹಿಂದೆ ಮಿಡತೆ, ಮಿಡತೆಯ ಹಿಂದೆ ಹಕ್ಕಿ. ಕೆಳಗೆ ಹೇಳಿರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

1. ಒಂದೇ ದಂಡೆ ಹಿಡಿಯಿರಿ

ಹಿನ್ನೀರು ಬಹಳ ದೊಡ್ಡದು. ಒಂದೇ ದಿನ ಆಲಮಟ್ಟಿ, ಕೊಲ್ಹಾರ, ಬೀಳಗಿ, ಅನಗವಾಡಿ ಎಲ್ಲ ಸುತ್ತಿಬಿಡುತ್ತೇವೆ ಅಂತ ಹೊರಟರೆ ರಸ್ತೆ ನೋಡಿದಂತಾಗುತ್ತದೆ ಅಷ್ಟೇ. ಅರ್ಧ ಕಿಲೋಮೀಟರ್ ಉದ್ದದ ಒಂದು ದಂಡೆ ಸಾಕು. ಅದಕ್ಕೇ ಮತ್ತೆಮತ್ತೆ ಹೋಗಿ.

ಎಂಥ ದಂಡೆ? ಮಧ್ಯದ ಆಳ ನೀರು ಕಾಣುವ ಜಾಗ ಫೋಟೋಕ್ಕೆ ಚೆಂದ, ಹಕ್ಕಿಗೆ ಅಲ್ಲ. ತುಂಬಿದ ಡ್ಯಾಮಿನಲ್ಲಿ ಕಾಲೂರಿ ನಿಲ್ಲುವ ಹಕ್ಕಿಗೆ ನಡುವೆ ಜಾಗ ಇರುವುದಿಲ್ಲ. ಅವು ಇರುವುದು ಅಂಚಿನಲ್ಲಿ: ಹಳ್ಳ ಬಂದು ಹಿನ್ನೀರಿಗೆ ಸೇರುವ ಮೂಲೆ, ನೀರು ನುಗ್ಗಿ ಮೊಣಕಾಲುದ್ದ ನಿಂತ ಹೊಲ, ಅರ್ಧ ಮುಳುಗಿದ ಬಳ್ಳಾರಿ ಜಾಲಿಯ ಸಾಲು. ಈ ಮೂರರಲ್ಲಿ ಎರಡಾದರೂ ಇರುವ ಜಾಗ ಹುಡುಕಿ. ಹಳ್ಳದ ಮೂಲೆ ಸಿಕ್ಕರಂತೂ ಬಿಡಬೇಡಿ. ಹರಿದು ಬಂದ ಹೂಳು ಅಲ್ಲೇ ಕೂರುತ್ತದೆ, ಹೂಳಿನಲ್ಲಿ ಹುಳ ಇರುತ್ತದೆ.

ಅನಗವಾಡಿ ಹತ್ತಿರ ಘಟಪ್ರಭೆಯ ಕಡೆ, ಚಿಕ್ಕಸಂಗಮದ ಸುತ್ತ, ಕೊರ್ತಿಯ ಆಸುಪಾಸು ಇಂಥ ಜಾಗ ಸಿಗುತ್ತವೆ. ಕೊರ್ತಿ–ಕೊಲ್ಹಾರ ಸೇತುವೆ ಮೇಲೆ ಮಾತ್ರ ಗಾಡಿ ನಿಲ್ಲಿಸಬೇಡಿ. ಲಾರಿ ಓಡಾಟ ಜಾಸ್ತಿ, ನಿಲ್ಲಲು ಇಕ್ಕಟ್ಟು. ದಾಟಿ ಹೋಗಿ, ದಂಡೆಗೆ ಇಳಿಯುವ ದಾರಿ ಹಿಡಿಯಿರಿ. (ಕೊಲ್ಹಾರಕ್ಕೆ ಹೋದವರು ಅಲ್ಲಿಯ ಗಡಿಗೆ ಮೊಸರು ತಿನ್ನದೇ ಬರಬಾರದು, ಅದು ಬೇರೆ ಮಾತು.)

ಹಿನ್ನೀರು ದೂರವಾದರೆ ವಿಜಯಪುರದವರಿಗೆ ಭೂತನಾಳ ಕೆರೆ, ಮಮದಾಪುರ ಕೆರೆ ಇವೆ. ಬೆಳಗಾವಿ ಜಿಲ್ಲೆಯವರಿಗೆ ಗೋಕಾಕ ತಾಲ್ಲೂಕಿನ ಧೂಪದಾಳ ಇದೆ. ಅಲ್ಲಿಯ ಘಟಪ್ರಭಾ ಪಕ್ಷಿಧಾಮ 1974ರಿಂದ ಇರುವಂಥದ್ದು. ನೋಡುವ ರೀತಿ ಎಲ್ಲ ಕಡೆ ಒಂದೇ.

ದಂಡೆ ಗೊತ್ತು ಮಾಡಿದ ಮೇಲೆ ಹೊಲದ ಮಾಲೀಕರನ್ನು ಮಾತಾಡಿಸಿ. ಹಿನ್ನೀರಿನ ಅಂಚಿನಲ್ಲಿ ಬೇಸಾಯ ಮಾಡುವ ಎಷ್ಟೋ ಮನೆಯವರು ಹಳೆಯ ಊರು, ಹಳೆಯ ಹೊಲ ನೀರಿಗೆ ಬಿಟ್ಟು ಬಂದವರು. ಅವರ ಬದುವಿನ ಮೇಲೆ ಕಾಲಿಡುವ ಮುಂಚೆ ಒಂದು ಮಾತು ಕೇಳುವುದು ನಮ್ಮ ಧರ್ಮ. "ಕಾಕಾರ, ಈ ಸಲ ನೀರು ಎಲ್ಲೀತನಕ ಬಂದಿತ್ರೀ?" ಅಂತ ಶುರು ಮಾಡಿದರೆ ಸಾಕು, ನಿಮಗೆ ಬೇಕಾದ ಅರ್ಧ ಮಾಹಿತಿ ಅಲ್ಲೇ ಸಿಗುತ್ತದೆ. ಮೀನುಗಾರರನ್ನೂ ಕೇಳಿ. ಮೊಸಳೆ ಎಲ್ಲಿ ಕಂಡಿದೆ, ನೀರುನಾಯಿ ಯಾವ ಕಡೆ ಬಲೆ ಹರಿಯುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿಲ್ಲ.

2. ಜೀವಕ್ಕೆ ಸಂಬಂಧಿಸಿದ ನಾಲ್ಕು ಮಾತು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೃಷ್ಣೆಯಲ್ಲಿ ಮೊಸಳೆ ಇವೆ. ನೀರು ತುಂಬಿದಾಗ ಹಳ್ಳ, ಹೊಲದ ತನಕವೂ ಬರುತ್ತವೆ. ನೀರಿನ ಅಂಚಿಗೆ ತಾಗಿ ಕುಕ್ಕರುಗಾಲಲ್ಲಿ ಕೂರಬೇಡಿ, ಮೊಣಕಾಲು ನೀರಿಗೂ ಇಳಿಯಬೇಡಿ. ಹತ್ತು ಹೆಜ್ಜೆ ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂತರೆ ನೋಟವೂ ಚೆನ್ನಾಗಿರುತ್ತದೆ.

ಎರಡನೆಯದು ಎರಿ ಮಣ್ಣು. ಮಳೆ ಬಿದ್ದ ಎರಿಯಲ್ಲಿ ಬೈಕ್ ಇಳಿಸಿದರೆ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಕಚ್ಚಿಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ. ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಿರಿ. ಅಂಚಿನ ಹೂಳು ಇನ್ನೂ ಮೋಸದ್ದು. ಮೇಲೆ ಒಣಗಿದ ಹೆಪ್ಪಳಿಕೆ ಕಾಣುತ್ತದೆ, ಕಾಲಿಟ್ಟರೆ ಮೊಣಕಾಲು ಇಳಿಯುತ್ತದೆ.

ಮೂರನೆಯದು ಹಾವು. ಕೊಳಕುಮಂಡಲ ಈ ಹುಲ್ಲಿನಲ್ಲಿ ಸಾಮಾನ್ಯ. ಪೂರ್ತಿ ಮುಚ್ಚುವ ಬೂಟು, ದಪ್ಪ ಪ್ಯಾಂಟು, ಕೈಯಲ್ಲಿ ಒಂದು ಕೋಲು ಇರಲಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಾಲು ಅಲ್ಲಾಡಿಸದೇ ನೇರ ಆಸ್ಪತ್ರೆಗೆ. ಒಬ್ಬರೇ ಹೋಗಬಾರದು ಅನ್ನುವುದು ಇದಕ್ಕೇ.

ನಾಲ್ಕನೆಯದು, ಡ್ಯಾಮಿನ ಕೆಳಗಿನ ನದಿ ಪಾತ್ರಕ್ಕೆ ಈ ತಿಂಗಳುಗಳಲ್ಲಿ ಇಳಿಯಲೇಬೇಡಿ. ಗೇಟು ತೆಗೆದರೆ ನೀರು ಏರಲು ಹೊತ್ತು ಬೇಕಿಲ್ಲ.

3. ಬೆಳಕು ಬೆನ್ನಿಗಿರಲಿ

ಈ ಸಮಯದಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂಕಾಲರ ಸುಮಾರಿಗೆ. ಆರಕ್ಕೇ ಜಾಗದಲ್ಲಿ ಕೂತಿರಬೇಕು. ಒಂಬತ್ತರ ಮೇಲೆ ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತದೆ, ಹಕ್ಕಿಗಳೂ ನೆರಳಿಗೆ ಸರಿಯುತ್ತವೆ. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವ ತನಕ ಇನ್ನೊಂದು ಒಳ್ಳೆಯ ಹೊತ್ತು.

ಕೃಷ್ಣೆ ಇಲ್ಲಿ ಪಡುವಣದಿಂದ ಮೂಡಣಕ್ಕೆ ಹರಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಸೂರ್ಯ ನಡು ಆಕಾಶಕ್ಕಿಂತ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಬೀಳಗಿ ಕಡೆಯ ದಂಡೆಯಲ್ಲಿ ಕೂತು ಉತ್ತರಕ್ಕೆ ನೋಡಿದರೆ ದಿನವಿಡೀ ಬೆಳಕು ಬೆನ್ನಿಗೋ ಪಕ್ಕಕ್ಕೋ ಇರುತ್ತದೆ. ಕೊಲ್ಹಾರದ ದಂಡೆಯಿಂದ ದಕ್ಷಿಣಕ್ಕೆ ನೋಡಿದರೆ ಹೊತ್ತು ಏರಿದ ಹಾಗೆ ಹಕ್ಕಿಗಳೆಲ್ಲ ಕಪ್ಪು ನೆರಳು. ಹೊಸಬರು ದಕ್ಷಿಣದ ದಂಡೆಯಿಂದ ಶುರು ಮಾಡಿದರೆ ಒಳ್ಳೆಯದು.

4. ಸಾಮಾನು

ಜಾಸ್ತಿ ಬೇಡ. 8x42, ಅಂದರೆ ಎಂಟು ಪಟ್ಟಿನ ಬೈನಾಕ್ಯುಲರ್ ಒಂದು. ಹತ್ತು ಪಟ್ಟಿನದು ದೊಡ್ಡದಾಗಿ ತೋರಿಸುತ್ತದೆ, ಆದರೆ ಕೈ ನಡುಗಿದರೆ ಏನೂ ಕಾಣುವುದಿಲ್ಲ. ನೋಟ್‌ಬುಕ್ಕು, ಪೆನ್ಸಿಲ್ಲು. ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ. ಮಣ್ಣಿನ ಬಣ್ಣದ ಅಂಗಿ, ಟೊಪ್ಪಿಗೆ, ಕೂರಲು ಒಂದು ಗೋಣಿ ಚೀಲ, ನೀರು, ಎರಡು ರೊಟ್ಟಿ. ಕ್ಯಾಮೆರಾ ಇದ್ದರೆ ಇರಲಿ, ಮೊದಲ ಅರ್ಧ ಗಂಟೆ ಚೀಲದಲ್ಲೇ ಇರಲಿ.

5. ಕೂತು, ಮೂರು ಪಟ್ಟಿಯಾಗಿ ನೋಡಿ

ಸುಮ್ನೆ ಕೂರುವುದೇ ಇಲ್ಲಿ ದೊಡ್ಡ ಕೆಲಸ. ನೀವು ಬಂದಾಗ ಹಾರಿಹೋದ ಹಕ್ಕಿಗಳು ತಿರುಗಿ ಬರಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮೊದಲು ಕೂಗುವುದು ಟಿಟ್ಟಿಭ (ಲ್ಯಾಪ್‌ವಿಂಗ್). ಅದು ಸುಮ್ಮನಾದರೆ ಉಳಿದವೂ ನಿಮ್ಮನ್ನು ಒಪ್ಪಿಕೊಂಡವು ಅಂತ ತಿಳಿಯಿರಿ. ಅದು ಬಿಡದೇ ಕೂಗುತ್ತ ನಿಮ್ಮ ತಲೆ ಮೇಲೇ ಸುತ್ತುತ್ತಿದ್ದರೆ ಹತ್ತಿರದಲ್ಲಿ ಮರಿ ಇರಬಹುದು, ಎದ್ದು ಬೇರೆ ಕಡೆ ಹೋಗಿ.

ಆಮೇಲೆ ಎದುರಿನ ನೋಟವನ್ನು ಮನಸ್ಸಿನಲ್ಲೇ ಮೂರು ಪಟ್ಟಿ ಮಾಡಿಕೊಳ್ಳಿ.

ಮೊದಲ ಪಟ್ಟಿ ತೆರೆದ ನೀರು. ಮುಳುಗಿದ ಜಾಲಿಯ ತುದಿಯಲ್ಲಿ ರೆಕ್ಕೆ ಬಿಚ್ಚಿ ಕೂತ ನೀರುಕಾಗೆ, ಮುಳುಗಿ ಎಲ್ಲೋ ಏಳುವ ಗುಳುಮುಳುಕ. ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಲ್ಲು ಬಿದ್ದ ಹಾಗೆ ನೀರಿಗೆ ಬೀಳುವುದು ಕಪ್ಪು–ಬಿಳಿ ಮಿಂಚುಳ್ಳಿ. ನೀರಿನ ಮೇಲೆ ಹಾರಾಡುವ ರೀವಗಳನ್ನು (ಟರ್ನ್) ಸ್ವಲ್ಪ ಹೊತ್ತು ನೋಡಿ. ದಪ್ಪ ಹಳದಿ ಕೊಕ್ಕು, ಆಳವಾಗಿ ಸೀಳಿದ ಬಾಲ ಇದ್ದರೆ ನಮ್ಮದೇ ನದಿ ರೀವ. ಅದಕ್ಕಿಂತ ಸಣ್ಣದಾಗಿ, ಬಾಲ ಸ್ವಲ್ಪವೇ ಸೀಳಿ, ನೀರಿಗೆ ಧುಮುಕದೇ ಮೇಲ್ಮೈಯಿಂದ ಹುಳ ಎತ್ತಿಕೊಂಡು ಹೋಗುತ್ತಿದ್ದರೆ ಅದು ಮೀಸೆ ರೀವ, ಹೊರಗಿನಿಂದ ಬಂದದ್ದು.

ಎರಡನೆಯ ಪಟ್ಟಿ ಅಂಚು: ನೀರೂ ಅಲ್ಲದ, ನೆಲವೂ ಅಲ್ಲದ ಎರಡು ಮಾರು ಅಗಲದ ಜಾಗ. ನಿಮ್ಮ ಸಮಯದ ಅರ್ಧ ಭಾಗ ಇದಕ್ಕೇ ಕೊಡಿ. ವಲಸೆ ಹಕ್ಕಿಗಳಲ್ಲಿ ಮೊದಲು ಬರುವ ಗೊರವಗಳು (ಸ್ಯಾಂಡ್‌ಪೈಪರ್) ಇಲ್ಲೇ ಸಿಗುತ್ತವೆ. ಬಾತುಗಳಿಗಿಂತ ಎರಡು ಮೂರು ತಿಂಗಳು ಮುಂಚೆಯೇ ಇವು ಬಂದಿರುತ್ತವೆ.

ನೋಡಲು ಎಲ್ಲ ಗೊರವವೂ ಒಂದೇ: ಬೂದು–ಕಂದು, ಪಾರಿವಾಳಕ್ಕಿಂತ ಸಣ್ಣದು. ಬೇರ್ಪಡಿಸುವುದು ಹೀಗೆ. ಒಂದೇ ಹಕ್ಕಿ ಕಲ್ಲಿನಿಂದ ಕಲ್ಲಿಗೆ ಓಡಾಡುತ್ತ, ನಿಂತಲ್ಲೂ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತಲೇ ಇದೆಯಾ? ಎದೆಯ ಬಿಳಿ ಬಣ್ಣ ರೆಕ್ಕೆ ಮತ್ತು ಕುತ್ತಿಗೆಯ ನಡುವೆ ಒಂದು ಬೆಣೆಯಂತೆ ಮೇಲೆ ನುಗ್ಗಿದೆಯಾ? ಅದು ಸಾಮಾನ್ಯ ಗೊರವ. ಅದು ಹಾರುವಾಗ ಇನ್ನೂ ಖಚಿತವಾಗುತ್ತದೆ. ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆಯನ್ನು ಪೂರ್ತಿ ಮೇಲೆತ್ತದೇ ಪಟಪಟ ಬಡಿದು, ನಡುವೆ ಬಿಗಿಹಿಡಿದು ತೇಲುತ್ತದೆ. ಬೆನ್ನಿನ ತುಂಬ ಬಿಳಿ ಚುಕ್ಕೆ, ಕಣ್ಣಿನ ಮೇಲೆ ಉದ್ದ ಬಿಳಿ ಹುಬ್ಬು, ಹಳದಿ ಕಾಲು, ಹಾರಿದಾಗ ಬಾಲದ ಬುಡ ಬಿಳಿ ಕಂಡರೆ ಅದು ಅಡವಿ ಗೊರವ. ಅದೇ ಬಿಳಿ ಬುಡ ಇದ್ದು, ಮೈ ಇನ್ನೂ ಕಪ್ಪಾಗಿ, ರೆಕ್ಕೆಯ ಒಳಮೈಯೂ ಕಪ್ಪಾಗಿ ಕಂಡರೆ ಹಸಿರು ಗೊರವ. ಅದು ತೆರೆದ ದಂಡೆಗಿಂತ ಹಳ್ಳದ ಮೂಲೆಯಲ್ಲೇ ಜಾಸ್ತಿ. ಈ ಮೂರನ್ನು ಅಕ್ಟೋಬರ್ ಮುಗಿಯುವ ಮುಂಚೆ ಕಲಿತಿರಿ. ಚಳಿಗಾಲದಲ್ಲಿ ಇನ್ನೂ ಹತ್ತಾರು ಜಾತಿ ಬಂದು ಸೇರುತ್ತವೆ, ಆಗ ಕಲಿಯಲು ಕೂತರೆ ತಲೆ ಕೆಡುತ್ತದೆ.

ಬಾಲ ಕುಣಿಸುವ ಸಿಪಿಲೆಗಳೂ (ವ್ಯಾಗ್‌ಟೇಲ್) ಇದೇ ಅಂಚಿನವು. ದೊಡ್ಡ ಕಪ್ಪು–ಬಿಳಿ ಸಿಪಿಲೆ ವರ್ಷವಿಡೀ ಇರುವಂಥದ್ದು. ಹೊಟ್ಟೆ ಹಳದಿ ಇರುವ ಸಿಪಿಲೆ ಕಂಡ ದಿನ ತಾರೀಖು ಬರೆದಿಡಿ, ಅದು ಬೆಟ್ಟ ದಾಟಿ ಬಂದದ್ದು.

ಮೂರನೆಯ ಪಟ್ಟಿ ನಿಮ್ಮ ಬೆನ್ನ ಹಿಂದೆ ಇದೆ. ಬಹಳ ಮಂದಿ ತಿರುಗಿಯೇ ನೋಡುವುದಿಲ್ಲ. ಹಿಂಗಾರಿ ಬಿಳಿಜೋಳಕ್ಕೆ ಹರಗುವ, ಬಿತ್ತುವ ಕಾಲ ಇದು. ಕೂರಿಗೆಯ ಹಿಂದೆ ಗೋವಕ್ಕಿ, ಮೈನಾ, ಕಾಜಾಣ ಸಾಲು ಹಿಡಿದಿರುತ್ತವೆ. ಗೋವಕ್ಕಿಯ ತಲೆ–ಕುತ್ತಿಗೆ ನೋಡಿ. ಮಳೆಗಾಲದಲ್ಲಿ ಕಿತ್ತಳೆ ಬಣ್ಣ ಇದ್ದದ್ದು ಈಗ ಅಲ್ಲಲ್ಲಿ ಮಾತ್ರ ಉಳಿದಿರುತ್ತದೆ. ಮರಿ ಮಾಡುವ ಕಾಲ ಮುಗಿದ ಹಾಗೆ ಅದು ಮತ್ತೆ ಅಚ್ಚ ಬಿಳಿಯಾಗುತ್ತದೆ. ಕರೆಂಟಿನ ತಂತಿಯ ಮೇಲೆ ಕವಲುತೋಕೆಗಳ ಸಾಲು ಇದ್ದರೆ ಗಲ್ಲದ ಕೆಂಪು ಹುಡುಕಿ. ಪಕ್ಕದಲ್ಲೇ ನಮ್ಮ ರಾಜ್ಯಪಕ್ಷಿ ನೀಲಕಂಠ ಮಿಡತೆಗೆ ಕಾದು ಕೂತಿರುತ್ತದೆ. ಗುಲಾಬಿ ಮೈನಾಗಳು ಮಧ್ಯ ಏಷ್ಯಾದ ಕಡೆಯಿಂದ ಗುಂಪಾಗಿ ಬಂದಿರುತ್ತವೆ. ಅವುಗಳಲ್ಲಿ ಎಳೆಯವು ಮಾಸಲು ಕಂದು ಬಣ್ಣ, ಕೊಕ್ಕು ಹಳದಿ. ಗುಲಾಬಿ ಬಣ್ಣ ಹುಡುಕುತ್ತ ಇವನ್ನು ಬಿಟ್ಟುಬಿಡಬೇಡಿ. ಅಕ್ಟೋಬರ್‌ನಲ್ಲಿ ಹೊಲದ ಮೇಲೆ ತೀರಾ ಕೆಳಗೆ, ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿದು ಅತ್ತಿತ್ತ ವಾಲುತ್ತ ಹೋಗುವ ತೆಳ್ಳನೆಯ ಬೇಟೆಹಕ್ಕಿ ಕಂಡರೆ ಅದು ಸೆಳೆವ.

6. ಗೀಜಗನ ಮರದ ಕೆಳಗೆ ಒಂದು ಗಂಟೆ

ನೀರಿನ ಮೇಲೆ ಬಾಗಿದ ಜಾಲಿಯಲ್ಲೋ ಈಚಲಿನಲ್ಲೋ ಗೀಜಗನ ಗೂಡುಗಳ ಗೊಂಚಲು ಸಿಕ್ಕರೆ ಬೇರೆಲ್ಲ ಬಿಟ್ಟು ಕೂತುಬಿಡಿ. ಸೆಪ್ಟೆಂಬರ್‌ನಲ್ಲಿ ಇನ್ನೂ ಕೆಲಸ ನಡೆದಿರುತ್ತದೆ. ದೂರ ಇಪ್ಪತ್ತು ಹೆಜ್ಜೆ ಇರಲಿ.

ಗಂಡು ಹಸಿ ಹುಲ್ಲಿನ ಎಳೆಯನ್ನು ಕೊಕ್ಕಿನಲ್ಲಿ ಕಚ್ಚಿ ಸೀಳಿಕೊಂಡು ತರುತ್ತದೆ. ಮೊದಲು ಒಂದು ಬಳೆಯಷ್ಟು ಸುತ್ತು, ಆಮೇಲೆ ಮೇಲಿನ ಮುಚ್ಚಿಗೆ. ಗೂಡು ಅರ್ಧ ಆದಾಗ ಕೆಲಸ ನಿಲ್ಲುತ್ತದೆ. ಗಂಡು ಅದಕ್ಕೆ ಜೋತು ಬಿದ್ದು ರೆಕ್ಕೆ ಬಡಿಯುತ್ತ ಕರೆಯುತ್ತದೆ. ಹೆಣ್ಣು ಬರುತ್ತದೆ, ಒಳಗೆ ಕೂತು ನೋಡುತ್ತದೆ, ಎಳೆ ಜಗ್ಗುತ್ತದೆ. ಒಪ್ಪಿದರೆ ಮಾತ್ರ ಮೊಟ್ಟೆಯ ಕೋಣೆ, ಉದ್ದನೆಯ ಕೊಳವೆ ಬಾಗಿಲು ಮುಂದುವರಿಯುತ್ತವೆ. ಒಪ್ಪದ ಗೂಡು ಹಾಗೇ ತೂಗಾಡುತ್ತದೆ. ಗೊಂಚಲಿನಲ್ಲಿ ಪೂರ್ತಿಯಾದ ಗೂಡೆಷ್ಟು, ಅರ್ಧಕ್ಕೆ ನಿಂತದ್ದೆಷ್ಟು ಎಣಿಸಿ. ಮರದ ಯಾವ ಮಗ್ಗುಲಿಗೆ ಗೂಡು ಜಾಸ್ತಿ ಅನ್ನುವುದನ್ನೂ ಬರೆಯಿರಿ. ಸಾಮಾನ್ಯವಾಗಿ ಮೂಡಣದ ಮಗ್ಗುಲಿಗೆ ಇರುತ್ತವೆ, ಮುಂಗಾರು ಗಾಳಿ ಬೀಸುವುದು ಪಡುವಣದಿಂದ. ಅಕ್ಟೋಬರ್‌ಗೆ ಗಂಡಿನ ಹಳದಿ ತಲೆ ಮಾಸುತ್ತ ಬಂದು ಹೆಣ್ಣಿನ ಹಾಗೇ ಕಾಣುತ್ತದೆ.

ಕೆಳಗೆ ಬಿದ್ದ ಗೂಡು ಮನೆಗೆ ತರುವುದು ನಮ್ಮಲ್ಲಿ ರೂಢಿ. ಮರದಲ್ಲಿರುವುದನ್ನು ಮಾತ್ರ ಖಾಲಿ ಅಂತ ಕಂಡರೂ ಮುಟ್ಟಬಾರದು. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು, ಚೆಂದದ ಫೋಟೋಕ್ಕಾಗಿ ಗುಂಪನ್ನು ಎಬ್ಬಿಸುವುದು ಇವೂ ಬೇಡ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಒಂದು ಸಲ ಎದ್ದು ಹಾರುವುದೂ ಖರ್ಚೇ.

ಎಲೆ ತೇಲುವ ಸಣ್ಣ ಕೆರೆ ಹತ್ತಿರವಿದ್ದರೆ ದೇವನಕ್ಕಿಯನ್ನು ಹುಡುಕಿ. ಉದ್ದ ಬೆರಳಿನಿಂದ ಎಲೆಯ ಮೇಲೇ ನಡೆಯುವ ಹಕ್ಕಿ. ಮೊಟ್ಟೆಗೆ ಕಾವು ಕೊಡುವುದು, ಮರಿ ಸಾಕುವುದು ಎರಡೂ ಗಂಡಿನ ಕೆಲಸ. ಮರಿ ಬೆಳೆದ ಮೇಲೆ ಆ ಉದ್ದ ಬಾಲ ಉದುರಿಹೋಗುತ್ತದೆ, ಮೈ ಕಂದಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಬಾಲ ಇರುವುದೂ ಇಲ್ಲದ್ದೂ ಒಂದೇ ಕೆರೆಯಲ್ಲಿ ಸಿಕ್ಕಿದಾಗ ಬೇರೆ ಬೇರೆ ಜಾತಿ ಅಂದುಕೊಳ್ಳಬೇಡಿ.

7. ಬಿಸಿಲೇರಿದ ಮೇಲೆ ಹುಳ–ಗಿಡ

ಒಂಬತ್ತರ ಮೇಲೆ ಬೈನಾಕ್ಯುಲರ್ ಕೆಳಗಿಟ್ಟು ಗಿಡ ನೋಡಿ. ಎಕ್ಕೆಯ ಎಲೆಯನ್ನು ಮೆಲ್ಲಗೆ ತಿರುವಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕಂಬಳಿಹುಳುವಿನಂಥ ಹುಳ ಸಿಗುತ್ತದೆ, ಮೈಮೇಲೆ ಮೂರು ಜೊತೆ ಕಪ್ಪು ಎಳೆ. ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದು. ಎಕ್ಕೆಯ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಬರುವುದಿಲ್ಲ. ಎಕ್ಕೆಯ ಹಾಲು ಕೈಗೆ ತಾಗಿದರೆ ಕಣ್ಣು ಉಜ್ಜಬೇಡಿ. ಬದುವಿನ ಮೇಲೆ ಹಳದಿ ಹೂ ಬಿಟ್ಟ ತಂಗಡಿ ಇದ್ದರೆ ಚಿಟ್ಟೆಗೂ ಜೇನಿಗೂ ಬೇರೆ ಕಡೆ ಹುಡುಕುವುದೇ ಬೇಡ.

ತಲೆಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ಗುಂಪಾಗಿ, ಎಲ್ಲೂ ಕೂರದೇ ಸುತ್ತುತ್ತಿರುವುದನ್ನು ಎಲ್ಲರೂ ನೋಡಿರುತ್ತೀರಿ. ಹಳದಿ ಮೈಯ ಈ ಜಾತಿಗೆ ಗ್ಲೋಬ್ ಸ್ಕಿಮ್ಮರ್ ಅನ್ನುತ್ತಾರೆ. ಮಳೆಯ ಗುಂಡಿಯಲ್ಲಿ ಮೊಟ್ಟೆ ಇಟ್ಟು, ಗುಂಡಿ ಬತ್ತುವ ಮುಂಚೆ ಮರಿ ಬೆಳೆದು ಹಾರಿಬಿಡುತ್ತದೆ. ಮುಂಗಾರು ಹಿಂದೆ ಸರಿಯುವಾಗ ಬೀಸುವ ಗಾಳಿ ಹಿಡಿದು ಇದೇ ಜಾತಿ ಅಕ್ಟೋಬರ್‌ನಿಂದ ಮಾಲ್ಡೀವ್ಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ, ಮುಂದೆ ಆಫ್ರಿಕಾಕ್ಕೆ ಕಡಲು ದಾಟುತ್ತದೆ. ಬೆರಳುದ್ದದ ಹುಳ! ಅವು ಯಾವ ದಿಕ್ಕಿಗೆ ಸರಿಯುತ್ತಿವೆ, ಗಾಳಿ ಯಾವ ಕಡೆಯದು ಅಂತ ಬರೆದರೆ ಅದೂ ಕೆಲಸಕ್ಕೆ ಬರುವ ಮಾಹಿತಿ.

ವಾಪಸ್ ಬರುವಾಗ ಗಟ್ಟಿ ನೆಲದ ಮೇಲೆ ನಿಂತೇ ಅಂಚಿನ ಕೆಸರಿನ ಹೆಜ್ಜೆ ನೋಡಿ. ನಾಲ್ಕು ಬೆರಳು, ಉಗುರಿನ ಗುರುತು ಇದ್ದರೆ ನಾಯಿಯೋ ನರಿಯೋ. ಐದು ಬೆರಳು ಅಗಲವಾಗಿ ಹರಡಿದ್ದು, ಹತ್ತಿರದ ಕಲ್ಲಿನ ಮೇಲೆ ಮೀನಿನ ಪೊರೆ ತುಂಬಿದ ಲದ್ದಿ ಇದ್ದರೆ ನೀರುನಾಯಿ.

8. ಅಲ್ಲೇ ಬರೆಯಿರಿ

ಮನೆಗೆ ಹೋಗಿ ಬರೆದರಾಯಿತು ಅಂದರೆ ಅರ್ಧ ಮರೆತಿರುತ್ತದೆ. ತಾರೀಖು, ಹೊತ್ತು, ಮೋಡವೋ ಬಿಸಿಲೋ, ಗಾಳಿ, ಆಮೇಲೆ ಕಂಡದ್ದು ಮತ್ತು ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕು, ಕಾಲು, ಬಾಲ, ನಡವಳಿಕೆ ಬರೆಯಿರಿ. ಯಾವುದೂ ಕಾಣದಿದ್ದರೆ ಅದನ್ನೂ ಬರೆಯಿರಿ. ಹಕ್ಕಿಯ ಪಟ್ಟಿಯನ್ನು ಇಬರ್ಡ್ ಆ್ಯಪಿಗೆ, ಹುಳ–ಗಿಡದ ಫೋಟೋವನ್ನು ಐನ್ಯಾಚುರಲಿಸ್ಟ್‌ಗೆ ಹಾಕಬಹುದು. ಗೂಡಿನ ಖಚಿತ ಜಾಗ ಮಾತ್ರ ಎಲ್ಲೂ ಹಾಕಬೇಡಿ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಮಾಸ್ತರರಿಗೆ ಅಕ್ಟೋಬರ್ 2ರಿಂದ 8ರ ವನ್ಯಜೀವಿ ಸಪ್ತಾಹ ಒಳ್ಳೆಯ ನೆಪ. ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿಗಳ ದಿನವೂ ಬರುತ್ತದೆ.

ಇನ್ನೊಂದು ಕೆಲಸ ತಪ್ಪದೇ ಮಾಡಿ. ಮೊದಲ ದಿನವೇ ದಂಡೆಯ ಒಂದು ದೊಡ್ಡ ಕಲ್ಲನ್ನೋ ಮರವನ್ನೋ ಗುರುತು ಮಾಡಿಕೊಂಡು, ನೀರು ಅದರಿಂದ ಎಷ್ಟು ಹೆಜ್ಜೆ ದೂರ ಇದೆ ಅಂತ ಪ್ರತಿ ಸಲವೂ ಬರೆಯಿರಿ. ಕಾಲುವೆಗೆ ನೀರು ಬಿಟ್ಟು ಹಿನ್ನೀರು ಇಳಿಯಲು ಶುರುವಾದಾಗ ಈ ಅಂಕಿಗಳು ಮಾತಾಡುತ್ತವೆ. ಹತ್ತು ಹೆಜ್ಜೆ ಕೆಸರು ಬಿಚ್ಚಿದಾಗ ಯಾವ ಗೊರವ ಬಂತು, ಐವತ್ತು ಹೆಜ್ಜೆಯಾದಾಗ ಯಾವ ಕೊಕ್ಕರೆ ಇಳಿಯಿತು, ಪಟ್ಟೆತಲೆ ಹೆಬ್ಬಾತು ಬಂದಾಗ ನೀರು ಎಲ್ಲಿತ್ತು, ರಾಜಹಂಸ ಕಾಲಿಟ್ಟಾಗ ಎಷ್ಟು ಆಳ ಉಳಿದಿತ್ತು ಅನ್ನುವುದೆಲ್ಲ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ. ಮುಂದಿನ ವರ್ಷ ಯಾವ ವಾರ ಯಾವ ಮೂಲೆಗೆ ಹೋಗಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.